ಎಣ್ಣೆಗಿಂತ ಮೊದಲು ಜಳಕ: ಮಡಚುವ ಮಲ್ಟಿಟೂಲ್ ತೊಳೆದು ಎಣ್ಣೆ ಬಿಡುವ ಬಗೆ

ಜನವರಿಯ ಒಂದು ಮುಂಜಾನೆ ಅಣ್ಣಿಗೇರಿ ಹತ್ತಿರದ ಎರಿ ಹೊಲದಲ್ಲಿ ಸ್ಪ್ರಿಂಕ್ಲರ್ ಪೈಪ್ ಜೋಡಿಸುತ್ತಿದ್ದೆ. ಕಡ್ಲಿ ಗಿಡದ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ಪೈಪಿನ ಬಾಯಲ್ಲಿ ಬಿರುಕು ಬಿಟ್ಟಿದ್ದ ರಬ್ಬರ್ ರಿಂಗ್ ಕೊಯ್ದು ತೆಗೆಯಬೇಕೆಂದು ಪಕ್ಕಡ್, ಚಾಕು ಎಲ್ಲ ಒಂದೇ ಹಿಡಿಕೆಯೊಳಗೆ ಮಡಚಿಕೊಳ್ಳುವ ಮಲ್ಟಿಟೂಲನ್ನು ಕಿಸೆಯಿಂದ ತೆಗೆದೆ. ಪಕ್ಕಡ್ ಹೇಗೋ ತೆರೆಯಿತು. ಚಾಕು ಮಾತ್ರ ಅರ್ಧಕ್ಕೆ ನಿಂತುಬಿಟ್ಟಿತು. ಹೆಬ್ಬೆರಳಿನ ಉಗುರು ಸೀಳಿತೇ ಹೊರತು ಅದು ಮುಂದೆ ಬರಲಿಲ್ಲ. ಬಿಸಿಲಿಗೆ ಹಿಡಿದು ನೋಡಿದರೆ ಕೀಲಿನ ಸಂದಿಯಲ್ಲಿ ಬೆಲ್ಲದ ಪಾಕ ಗಟ್ಟಿಯಾದಂತೆ ಕಂದು ಬಣ್ಣದ ಏನೋ ತುಂಬಿಕೊಂಡಿತ್ತು.

ತುಕ್ಕು ಎಂದುಕೊಂಡೆ. ಅದು ಎರಡು ತಿಂಗಳ ಹಿಂದೆ ನಾನೇ ಬಿಟ್ಟಿದ್ದ ಎಣ್ಣೆ. ದೀಪಾವಳಿ ಮುಗಿದ ಮೇಲೆ ಚಾಕು ಸ್ವಲ್ಪ ಬಿಗಿಯಾಗಿದೆ ಅನ್ನಿಸಿ, ಅಡುಗೆಮನೆಯ ಕುಸುಬಿ ಎಣ್ಣೆಯನ್ನು ಚಮಚದಲ್ಲಿ ತಂದು ಕೀಲಿಗೆ ಧಾರಾಳವಾಗಿ ಸುರಿದಿದ್ದೆ. ಅವತ್ತು ಸಂಜೆ ಬೆಣ್ಣೆಯ ಹಾಗೆ ಓಡಾಡಿತ್ತು.

ಹುಬ್ಬಳ್ಳಿಗೆ ಬಂದು ಕಾಕಾನ ಮುಂದೆ ಇಟ್ಟೆ. ಕಾಕಾ ಹೊಲಿಗೆ ಮಷೀನ್ ರಿಪೇರಿ ಮಾಡುತ್ತ ನಾಲ್ಕು ದಶಕ ಕಳೆದವನು. ಕನ್ನಡಕ ಏರಿಸಿ, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ. "ಕುಸುಬಿ ಎಣ್ಣಿ ಬಿಟ್ಟಿ ಏನೋ? ಅದೂ ಮಣ್ಣ ತಗೀದನ? ಮೊದಲ ಜಳಕಾ ಮಾಡಸಬೇಕೋ ತಮ್ಮಾ, ಆಮ್ಯಾಲೆ ಎಣ್ಣಿ. ಅದೂ ಒಂದ ಹನಿ" ಅಂದ. ಮಲ್ಟಿಟೂಲಿನ ಬಗ್ಗೆ ತಿಳಿದುಕೊಳ್ಳಬೇಕಾದದ್ದೆಲ್ಲ ಆ ಮಾತಿನೊಳಗೇ ಇದೆ. ಅದು ಯಾಕೆ ಹಾಗೆ ಎಂಬುದನ್ನು ಬಿಡಿಸಿ ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಭಾಗದ ಮಣ್ಣು, ಬೆಳೆ, ಹಬ್ಬ ಎಲ್ಲವೂ ಈ ಸಣ್ಣ ಉಪಕರಣದ ಆಯುಷ್ಯಕ್ಕೆ ಸಂಬಂಧಪಡುತ್ತವೆ.

ಒಳಗೆ ಏನಿದೆ

ಪಕ್ಕಡ್, ಚಾಕು, ಕತ್ತರಿ, ಅರ, ಗರಗಸ, ಸ್ಕ್ರೂಡ್ರೈವರ್ ಎಲ್ಲವನ್ನೂ ಒಂದೇ ಹಿಡಿಕೆಯೊಳಗೆ ಮಡಚಿಟ್ಟರೆ ಅದು ಮಲ್ಟಿಟೂಲ್. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ತನ್ನ ಕಾರ್ಖಾನೆಯಿಂದ ಸ್ವಿಸ್ ಸೈನಿಕರಿಗೆ ಮಡಚುವ ಚಾಕು ಒದಗಿಸಿದ್ದು 1891ರಲ್ಲಿ. ಅದೇ ಮುಂದೆ ವಿಕ್ಟೋರಿನಾಕ್ಸ್ ಆಯಿತು. ಪಕ್ಕಡನ್ನೇ ನಡುವೆ ಇಟ್ಟು ಉಳಿದದ್ದನ್ನು ಹಿಡಿಕೆಯೊಳಗೆ ಸೇರಿಸುವ ಯೋಚನೆ ಅಮೆರಿಕದ ಟಿಮ್ ಲೆದರ್‌ಮನ್‌ಗೆ ಬಂದದ್ದು 1975ರಲ್ಲಿ, ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ. ಅದು ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ಈಗ ಹುಬ್ಬಳ್ಳಿಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಡಿಮೆ ಬೆಲೆಯವೂ ಸಿಗುತ್ತವೆ. ಬೆಲೆ ಯಾವುದೇ ಇರಲಿ, ಒಳಗಿನ ರಚನೆ ಬಹುಮಟ್ಟಿಗೆ ಒಂದೇ.

ಪ್ರತಿ ಅಲಗಿನ ಬುಡದಲ್ಲಿ ಒಂದು ರಂಧ್ರ. ಆ ರಂಧ್ರದ ಮೂಲಕ ಒಂದು ರಿವೀಟ್ ಅಥವಾ ತಿರುಪು ಹಾಯ್ದಿರುತ್ತದೆ. ಅದೇ ಕೀಲು. ಅಲಗಿನ ಎರಡೂ ಮಗ್ಗುಲಲ್ಲಿ ತೆಳುವಾದ ತಗಡು, ಕೆಲವು ಮಾದರಿಗಳಲ್ಲಿ ವಾಷರ್. ಬೆನ್ನಿಗೆ ಒಂದು ಉಕ್ಕಿನ ಸ್ಪ್ರಿಂಗ್. ಅಲಗಿನ ಬುಡ ಪೂರ್ತಿ ದುಂಡಗಿರುವುದಿಲ್ಲ, ಅಲ್ಲಲ್ಲಿ ಚಪ್ಪಟೆಯಾಗಿರುತ್ತದೆ. ಚಾಕು ತೆರೆಯುವಾಗ ಬುಡ ಆ ಸ್ಪ್ರಿಂಗನ್ನು ಮೇಲಕ್ಕೆ ಒತ್ತುತ್ತ ತಿರುಗುತ್ತದೆ. ಚಪ್ಪಟೆ ಭಾಗ ಬಂದ ಕೂಡಲೇ ಸ್ಪ್ರಿಂಗ್ ಕೆಳಗಿಳಿದು ಕೂರುತ್ತದೆ. ನಮಗೆ ಕೇಳುವ "ಟಕ್" ಶಬ್ದ ಅದೇ. ಚೆನ್ನಾಗಿರುವ ಚಾಕು ಕೊನೆಯ ಸ್ವಲ್ಪ ದೂರವನ್ನು ತಾನೇ ಹಾರಿ ಹೋಗಿ ಟಕ್ ಎನ್ನುತ್ತದೆ. ಮಣ್ಣು ತುಂಬಿದ ಚಾಕು ಕೊನೆಯವರೆಗೂ ನೂಕಿಸಿಕೊಂಡು ಹೋಗಿ ಸದ್ದಿಲ್ಲದೆ ನಿಲ್ಲುತ್ತದೆ. ಕೀಲು ಕೆಡುತ್ತಿದೆ ಎನ್ನುವುದನ್ನು ಕಣ್ಣಿಗಿಂತ ಮೊದಲು ಕಿವಿ ಹೇಳುತ್ತದೆ.

ಅಲಗಿಗೂ ತಗಡಿಗೂ ನಡುವಿನ ಸಂದಿ ಕೂದಲೆಳೆಗಿಂತ ಹೆಚ್ಚೇನೂ ದೊಡ್ಡದಲ್ಲ. ನಮ್ಮ ಕಡೆಯ ಎರಿ ಮಣ್ಣಿನ ಜೇಡಿ ಕಣಗಳೋ 0.002 ಮಿಲಿಮೀಟರಿಗಿಂತ ಸಣ್ಣವು. ಅವು ಎಲ್ಲಿ ಬೇಕಾದರೂ ನುಗ್ಗುತ್ತವೆ. ಹಸಿಯಾದಾಗ ಉಬ್ಬುವುದು, ಒಣಗಿದಾಗ ಕುಗ್ಗಿ ಕಲ್ಲಾಗುವುದು ಈ ಮಣ್ಣಿನ ಗುಣ. ಬೇಸಿಗೆಯಲ್ಲಿ ನವಲಗುಂದ, ನರಗುಂದದ ಹೊಲಗಳು ಕಾಲು ಸಿಗುವಷ್ಟು ಬಿರುಕು ಬಿಡುವುದನ್ನು ನೋಡಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಹೊಲದಲ್ಲಿ ಆಗುವುದೇ ಕೀಲಿನ ಸಂದಿಯಲ್ಲೂ ಆಗುತ್ತದೆ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣಿನ ಕಡೆ ಕೆಲಸ ಮಾಡುವವರ ತೊಂದರೆ ಬೇರೆ: ಅಲ್ಲಿ ಉಸುಕಿನ ಕಣ ಹೆಚ್ಚು. ಉಸುಕಿನಲ್ಲಿರುವ ಸ್ಫಟಿಕಶಿಲೆಯ ಕಾಠಿಣ್ಯ ಮೋಸ್ ಅಳತೆಯಲ್ಲಿ 7. ಹದ ಮಾಡಿದ ಚಾಕುವಿನ ಉಕ್ಕು ಅದಕ್ಕಿಂತ ಮೆದು. ಹಾಗಾಗಿ ಸಂದಿಯಲ್ಲಿ ಸಿಕ್ಕ ಉಸುಕು ಪ್ರತಿ ಸಲ ತೆರೆದು ಮುಚ್ಚಿದಾಗಲೂ ಉಕ್ಕನ್ನು ಗೀರುತ್ತದೆ.

ಈ ಮಣ್ಣಿನ ಮೇಲೆ ಎಣ್ಣೆ ಸುರಿದರೆ ಏನಾಗುತ್ತದೆ? ಮಣ್ಣು ಹೊರಗೆ ಬರುವುದಿಲ್ಲ, ಎಣ್ಣೆಯಲ್ಲಿ ಕಲೆತು ಅರೆಯುವ ಪೇಸ್ಟ್ ಆಗುತ್ತದೆ. ಜಾರುವುದರಿಂದ ಮೊದಲ ದಿನ ಸುಖವೆನಿಸುತ್ತದೆ, ಒಳಗೆ ಸವೆತ ಶುರುವಾಗಿರುತ್ತದೆ. ಜಳಕ ಮೊದಲು ಎನ್ನುವುದಕ್ಕೆ ಇದೇ ಕಾರಣ.

ಸ್ಟೇನ್‌ಲೆಸ್‌ಗೂ ಜಂಗು ಹಿಡಿಯುತ್ತದೆ

"ಇದು ಸ್ಟೇನ್‌ಲೆಸ್ ಸ್ಟೀಲ್ ರೀ, ಇದಕ್ಕೆಲ್ಲಿಯ ಜಂಗು" ಎನ್ನುವ ಮಾತನ್ನು ಅಂಗಡಿಯಲ್ಲಿ ಕೇಳುತ್ತೇವೆ. ಉಕ್ಕಿಗೆ ಶೇಕಡಾ 10.5ಕ್ಕಿಂತ ಹೆಚ್ಚು ಕ್ರೋಮಿಯಂ ಸೇರಿಸಿದರೆ ಸ್ಟೇನ್‌ಲೆಸ್ ಆಗುತ್ತದೆ. ಆ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಮೇಲ್ಮೈಗೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ಪೊರೆಯನ್ನು ಕಟ್ಟುತ್ತದೆ. ಗೀರಿದರೆ ಪೊರೆ ಹರಿಯುತ್ತದೆ, ಗಾಳಿ ತಾಗಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಉಕ್ಕನ್ನು ಕಾಯುವುದು ಆ ಪೊರೆ.

ಪೊರೆಗೆ ಎರಡು ಶತ್ರುಗಳು. ಒಂದು ಉಪ್ಪು. ಉಪ್ಪಿನ ಕ್ಲೋರೈಡ್ ಪೊರೆಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆದು ಒಳಕ್ಕೆ ಇಳಿಯುತ್ತದೆ. ನಮ್ಮ ಬೆವರಿನಲ್ಲಿ ಉಪ್ಪಿದೆ. ಮೇ ತಿಂಗಳ ಹುಬ್ಬಳ್ಳಿ ಬಿಸಿಲಲ್ಲಿ ಪ್ಯಾಂಟಿನ ಕಿಸೆಯಲ್ಲಿಟ್ಟ ಮಲ್ಟಿಟೂಲ್ ದಿನವಿಡೀ ಬೆವರಿನಲ್ಲಿ ನೆನೆಯುತ್ತಿರುತ್ತದೆ. ಎರಡನೆಯದು ಉಸಿರುಗಟ್ಟಿದ ಸಂದಿ. ಕೀಲಿನೊಳಗೆ ನೀರು ನಿಂತರೆ ಅಲ್ಲಿನ ಆಮ್ಲಜನಕ ಮುಗಿದುಹೋಗುತ್ತದೆ, ಹೊಸ ಗಾಳಿ ಬರುವುದಿಲ್ಲ, ಹರಿದ ಪೊರೆ ಮತ್ತೆ ಕಟ್ಟಿಕೊಳ್ಳಲಾರದು. ಹೊರಗೆ ಅಲಗು ಫಳಫಳ ಹೊಳೆಯುತ್ತಿದ್ದರೂ ಕೀಲಿನ ಬಾಯಲ್ಲಿ ಕೆಂಗಂದು ನೀರು ಜಿನುಗುವುದು ಇದರಿಂದಲೇ.

ಹುಳಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಕಡ್ಲಿ ಗಿಡದ ಎಲೆಯ ಮೇಲಿನ ಸಣ್ಣ ಕೂದಲುಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲವನ್ನು ಸ್ರವಿಸುತ್ತವೆ. ಮುಂಜಾನೆ ಇಬ್ಬನಿಯಲ್ಲಿ ಅದು ಕರಗಿ ಇಡೀ ಗಿಡ ಹುಳಿಯಾಗಿರುತ್ತದೆ. ಸುಲಗಾಯಿ, ಅಂದರೆ ಹಸಿ ಕಡ್ಲಿ, ತಿನ್ನುವಾಗ ತುಟಿಗೆ ಹತ್ತುವ ಹುಳಿ ಅದೇ. ಅಂಥ ಹೊಲದಲ್ಲಿ ಗಿಡ ಕೊಯ್ದ ಚಾಕುವನ್ನು ಒರೆಸದೆ ಮಡಚಿದರೆ ಕಪ್ಪು ಮಚ್ಚೆ ಬೀಳಬಹುದು. ಮಾವಿನಕಾಯಿ, ನಿಂಬೆಹಣ್ಣು, ಉಳ್ಳಾಗಡ್ಡಿ ಕೊಯ್ದಾಗಲೂ ಹೀಗೇ. ಧಾರವಾಡದ ಆಪೂಸ್ ಕಾಲದಲ್ಲಿ ನನ್ನ ಚಾಕುವಿಗೆ ದಿನಕ್ಕೆರಡು ಸಲ ನೀರು ತೋರಿಸಿ ಒರೆಸುತ್ತೇನೆ.

ಯಾವ ಎಣ್ಣೆ

ಕುಸುಬಿ ಎಣ್ಣೆ ಯಾಕೆ ಬೆಲ್ಲದ ಪಾಕವಾಯಿತು? ಇದನ್ನು ಕಾಕಾ ಅನುಭವದಿಂದ ಬಲ್ಲ, ನಾನು ಆಮೇಲೆ ಓದಿ ತಿಳಿದೆ. ಅಡುಗೆ ಎಣ್ಣೆಗಳ ಅಣುಗಳು ಉದ್ದನೆಯ ಸರಪಳಿಗಳು. ಕೆಲವು ಎಣ್ಣೆಗಳ ಸರಪಳಿಯಲ್ಲಿ ಅಲ್ಲಲ್ಲಿ ಎರಡೆರಡು ಕೊಂಡಿಯ ಜಾಗಗಳಿರುತ್ತವೆ. ಗಾಳಿಯ ಆಮ್ಲಜನಕ ಆ ಜಾಗಗಳನ್ನೇ ಹಿಡಿದು ಒಂದು ಸರಪಳಿಯನ್ನು ಪಕ್ಕದ ಸರಪಳಿಗೆ ಹೆಣೆಯುತ್ತ ಹೋಗುತ್ತದೆ. ಬಿಡಿಬಿಡಿಯಾಗಿ ಜಾರುತ್ತಿದ್ದ ಎಳೆಗಳು ಬಲೆಯಾಗುತ್ತವೆ, ಕೊನೆಗೆ ಗಟ್ಟಿ ಪೊರೆಯಾಗುತ್ತವೆ. ಅಗಸಿ ಎಣ್ಣೆಯಲ್ಲಿ ಇದು ಬಹಳ ಬೇಗ ಆಗುತ್ತದೆ. ಅದಕ್ಕೇ ಶತಮಾನಗಳಿಂದ ಅದನ್ನು ತೈಲವರ್ಣಕ್ಕೂ ಕಟ್ಟಿಗೆಯ ಹೊಳಪಿಗೂ ಬಳಸುತ್ತಾರೆ. ಕುಸುಬಿ ಎಣ್ಣೆಯೂ ಅದೇ ಜಾತಿಯದು, ಅಷ್ಟಾಗಿ ಹಳದಿಯಾಗದೆ ಒಣಗುವುದರಿಂದ ಬಿಳಿ ಬಣ್ಣಕ್ಕೆ ಅದನ್ನು ಬಳಸುವ ಕಲಾವಿದರಿದ್ದಾರೆ. ಅಂದರೆ ನಾನು ಕೀಲಿಗೆ ಹಾಕಿದ್ದು ಬಣ್ಣದ ಅಂಟು. ಅಡುಗೆಮನೆಯ ಎಣ್ಣೆ ಡಬ್ಬಿಯ ಹೊರಮೈಗೆ, ಒಲೆಯ ಮೇಲಿನ ಕಪಾಟಿಗೆ ಹಿಡಿಯುವ ಹಳದಿ ಜಿಡ್ಡನ್ನು ಮುಟ್ಟಿ ನೋಡಿ. ಕೀಲಿನೊಳಗೆ ಬೆಳೆಯುವುದೂ ಅದೇ ಜಿಡ್ಡು.

ಶೇಂಗಾ ಎಣ್ಣೆ ಇಷ್ಟು ಬೇಗ ಅಂಟಾಗುವುದಿಲ್ಲ, ಆದರೆ ಆಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಎರಡು ಕೊಂಡಿಯ ಜಾಗಗಳು ತೀರ ಕಡಿಮೆ, ಹಾಗಾಗಿ ಅದು ಸುಲಭಕ್ಕೆ ಅಂಟಾಗದು. ಅದರ ದೋಷ ಬೇರೆ: ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಧಾರವಾಡದಲ್ಲಿ ಬಾಟಲಿಯ ಎಣ್ಣೆ ಬಿಸಿಲಿಗಿಡದೆ ಇಳಿಯುವುದಿಲ್ಲ. ಕೀಲಿನಲ್ಲಿ ಇಳಿದೀತೆ?

ಬೇಕಾದದ್ದು ತೆಳ್ಳನೆಯ ಖನಿಜ ತೈಲ. ಅದರ ಸರಪಳಿಗಳಲ್ಲಿ ಆಮ್ಲಜನಕಕ್ಕೆ ಹಿಡಿಯಲು ಜಾಗವಿಲ್ಲದ ಕಾರಣ ಅದು ಬಹುಕಾಲ ಎಣ್ಣೆಯಾಗಿಯೇ ಉಳಿಯುತ್ತದೆ. ಇದನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹೊಲಿಗೆ ಮಷೀನ್ ಎಣ್ಣೆ ಅದೇ. ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಹಿಡಿದು ಹಾವೇರಿ, ಗದಗದ ಯಾವ ಪೇಟೆಯಲ್ಲೂ ಸೂಜಿ–ದಾರ ಮಾರುವ ಅಂಗಡಿಯಲ್ಲಿ ಸಣ್ಣ ಬಾಟಲಿ ಸಿಗುತ್ತದೆ. ಒಂದು ಬಾಟಲಿ ಮಲ್ಟಿಟೂಲಿಗೆ ವರ್ಷಗಟ್ಟಲೆ ಸಾಕು. ಅದೇ ಚಾಕುವಿನಿಂದ ಹಣ್ಣು ಕೊಯ್ಯುವವರು ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಬಳಸಬಹುದು. ಅದೂ ಶುದ್ಧ ಮಾಡಿದ ಖನಿಜ ತೈಲವೇ, ಅಲಗಿನ ಮೇಲಿನ ಚೂರುಪಾರು ಹೊಟ್ಟೆಗೆ ಹೋದರೂ ಅಪಾಯವಿಲ್ಲದ ದರ್ಜೆಯದು.

ಡಬ್ಲ್ಯುಡಿ-40 ಎಂಬ ಸ್ಪ್ರೇ ಬಗ್ಗೆ ಒಂದು ಮಾತು, ಬಹಳ ಮನೆಗಳಲ್ಲಿ ಅದರ ಡಬ್ಬಿ ಇರುವುದರಿಂದ. ಅದು 1953ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು ನೀರನ್ನು ಓಡಿಸುವುದಕ್ಕೆ. ಹೆಸರಿನ ಅರ್ಥವೇ ಅದು: ನೀರು ಓಡಿಸುವ ದ್ರವ, ನಲವತ್ತನೆಯ ಪ್ರಯತ್ನ. ಅದರ ಹೆಚ್ಚಿನ ಪಾಲು ಆರಿಹೋಗುವ ದ್ರಾವಕ. ಮಳೆಯಲ್ಲಿ ತೊಯ್ದ ಉಪಕರಣದ ನೀರು ಬಿಡಿಸಲು, ಹಳೆಯ ಜಿಡ್ಡು ಸಡಿಲಿಸಲು ಬಹಳ ಒಳ್ಳೆಯದು. ಕೀಲಿಗೆ ತಿಂಗಳುಗಟ್ಟಲೆ ಎಣ್ಣೆಯಾಗಿ ಉಳಿಯುತ್ತದೆ ಎಂದು ನಂಬಬೇಡಿ.

ಗ್ರೀಸ್ ಬೇಡ, ಅಷ್ಟು ಸಣ್ಣ ಸಂದಿಗೆ ಇಳಿಯುವುದಿಲ್ಲ, ಹೊರಗೆ ನಿಂತು ಧೂಳು ಕರೆಯುತ್ತದೆ. ಗಾಡಿಯಿಂದ ಇಳಿಸಿದ ಕಪ್ಪು ಆಯಿಲ್ ಖಂಡಿತ ಬೇಡ, ಅದರಲ್ಲಿ ಮಸಿಯೂ ಲೋಹದ ಪುಡಿಯೂ ಇರುತ್ತವೆ. ಪೆನ್ಸಿಲ್ ಕಡ್ಡಿಯ ಪುಡಿ ಹಾಕುವವರಿದ್ದಾರೆ. ಅದರಲ್ಲಿ ಗ್ರಾಫೈಟಿನ ಜೊತೆ ಜೇಡಿಮಣ್ಣೂ ಇರುತ್ತದೆ. ನಾವು ಇಷ್ಟೆಲ್ಲ ಕಷ್ಟಪಟ್ಟು ತೆಗೆಯುವುದು ಆ ಜೇಡಿಯನ್ನೇ.

ಜಳಕ

ಮೊದಲು ಎಚ್ಚರ: ಬ್ಯಾಟರಿ ದೀಪ ಇರುವ ಮಾದರಿಯನ್ನೂ ಕಟ್ಟಿಗೆ ಅಥವಾ ಕೊಂಬಿನ ಹಿಡಿಕೆಯದನ್ನೂ ನೀರಿನಲ್ಲಿ ಮುಳುಗಿಸಬಾರದು. ಹಲ್ಲುಕಡ್ಡಿ, ಚಿಮಟಿ ಇದ್ದರೆ ಕಿತ್ತು ಪಕ್ಕಕ್ಕಿಡಿ. ಚಾಕುವಿನ ಬಾಯಿ ಯಾವ ಕಡೆಗಿದೆ ಎಂದು ನೋಡಿಕೊಂಡೇ ಪ್ರತಿ ಸಲ ಕೈ ಹಾಕಿ. ಸೋಪು ಹತ್ತಿದ ಕೈ ಜಾರುತ್ತದೆ.

ಒಣಗಿದ ಮಣ್ಣನ್ನು ಮೊದಲು ಒಣಗಿದ್ದಾಗಲೇ ಉದುರಿಸಿ. ಎಲ್ಲ ಅಲಗುಗಳನ್ನೂ ಅರ್ಧ ತೆರೆದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗಳನ್ನು ಗುಡಿಸಿ. ಕಿಸೆಯ ನೂಲು, ಹತ್ತಿಯ ಎಳೆ ಸುರುಳಿಯಾಗಿ ಹಿಡಿಕೆಯ ತಳದಲ್ಲಿ ಕೂತಿರುತ್ತದೆ. ಅದನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ. ಸೂಜಿ, ಮೊಳೆ ಹಾಕಿ ಕೆರೆಯಬೇಡಿ.

ಆಮೇಲೆ ಒಂದು ಬಟ್ಟಲಲ್ಲಿ ಕೈ ತಡೆಯುವಷ್ಟು ಬಿಸಿನೀರು, ಪಾತ್ರೆ ತೊಳೆಯುವ ದ್ರವ ಎರಡು ಹನಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಹಿಡಿಕೆ ಸೊಟ್ಟಗಾಗುತ್ತದೆ. ಸೋಪಿನ ಅಣುವಿನ ಒಂದು ತುದಿ ಎಣ್ಣೆಯನ್ನು, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಹೀಗೆ ಜಿಡ್ಡು ಸಣ್ಣ ಸಣ್ಣ ಹನಿಯಾಗಿ ನೀರಿಗೆ ಬರುತ್ತದೆ. ಹತ್ತು–ಹದಿನೈದು ನಿಮಿಷ ನೆನೆಯಲಿ. ಎರಿ ಮಣ್ಣು ನೀರು ಕುಡಿದು ಮೆತ್ತಗಾಗಲು ಅಷ್ಟು ಹೊತ್ತು ಬೇಕೇ ಬೇಕು.

ಈಗ ನೀರಿನೊಳಗೇ ಇಟ್ಟು ಒಂದೊಂದು ಅಲಗನ್ನೂ ತೆರೆದು ಮುಚ್ಚಿ, ತೆರೆದು ಮುಚ್ಚಿ. ಇದೇ ಇಡೀ ಕೆಲಸದ ಜೀವ. ಮುಚ್ಚುವಾಗ ಸಂದಿಯ ನೀರು ಹೊರಕ್ಕೆ ಚಿಮ್ಮುತ್ತದೆ, ತೆರೆಯುವಾಗ ಹೊಸ ನೀರು ಒಳಕ್ಕೆ ಹೋಗುತ್ತದೆ. ಕೀಲಿನ ಬಾಯಿಂದ ಕರಿಯ ಎಳೆಯೊಂದು ಹೊಗೆಯ ಹಾಗೆ ನೀರಿನಲ್ಲಿ ಬಿಚ್ಚಿಕೊಳ್ಳುವುದನ್ನು ನೋಡುತ್ತ ಕೂರಬಹುದು. ಮೊದಲ ಬಟ್ಟಲು ಗದಗಿನ ಮೊದಲ ಮಳೆಯ ಹಳ್ಳದ ನೀರಿನಂತೆ ಕಂಡರೆ ಬೇಸರ ಬೇಡ. ನೀರು ಬದಲಿಸಿ ಮತ್ತೆ ಮಾಡಿ. ನನ್ನದಕ್ಕೆ ಅವತ್ತು ನಾಲ್ಕು ಬಟ್ಟಲು ಹಿಡಿಯಿತು. ಸ್ವಿಸ್ ಚಾಕುವಿನ ಕಂಪನಿಯೂ ಬೆಚ್ಚನೆಯ ನೀರಿನಲ್ಲಿ ಇಟ್ಟು ಹಲವು ಸಲ ತೆರೆದು ಮುಚ್ಚಿ ಎಂದೇ ಹೇಳುತ್ತದೆ.

ಕೊನೆಯ ಸಲ ಜಾಲಿಸುವುದು ಕುಡಿಯುವ ಶುದ್ಧ ನೀರಿನ ಘಟಕದ ನೀರಿನಲ್ಲಾಗಲಿ. ಬೋರ್‌ವೆಲ್ಲಿನ ಗಡಸು ನೀರು ಆರಿದಾಗ ಬಿಡುವ ಬಿಳಿ ಪುಡಿಯನ್ನು ಸ್ನಾನದ ಕೊಡದ ತಳದಲ್ಲಿ ನೋಡಿದ್ದೀರಿ. ಅದು ಕೀಲಿನೊಳಗೂ ಕೂರುತ್ತದೆ.

ಮಾಡಬಾರದ್ದರಲ್ಲಿ ಒಂದನ್ನು ವಿಶೇಷವಾಗಿ ಹೇಳಬೇಕು. ನಮ್ಮ ಮನೆಯಲ್ಲಿ ತಾಮ್ರ–ಹಿತ್ತಾಳೆಯನ್ನು ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕುತ್ತಾರೆ. ಒಮ್ಮೆ ಮನೆಯವರು ಪ್ರೀತಿಯಿಂದ ನನ್ನ ಮಲ್ಟಿಟೂಲನ್ನೂ ಆ ಸಾಲಿನಲ್ಲಿ ಕೂರಿಸಿಬಿಟ್ಟರು. ಹಿತ್ತಾಳೆಗೆ ಅದು ಸರಿ. ಈ ಉಕ್ಕಿಗೆ ಮಾತ್ರ ಹುಳಿ ಮತ್ತು ಕ್ಲೋರೈಡ್ ಎರಡೂ ಒಟ್ಟಿಗೆ ಬಿದ್ದಂತಾಯಿತು. ಮೇಲ್ಭಾಗ ತೊಳೆದುಹೋಯಿತು, ಸಂದಿಯಲ್ಲಿ ಉಳಿದ ಉಪ್ಪು ಮೂರೇ ದಿನದಲ್ಲಿ ಕತ್ತರಿಯ ಬುಡಕ್ಕೆ ಕೆಂಪು ಬರಿಸಿತು. ಹಾಗೆಯೇ ಬ್ಲೀಚಿಂಗ್ ದ್ರವ, ವಾಷಿಂಗ್ ಸೋಡಾ ಬೇಡ. ಒಳಗಿನ ತಗಡು ಅಲ್ಯೂಮಿನಿಯಂ ಆಗಿದ್ದರೆ ಸೋಡಾ ಅದನ್ನು ತಿನ್ನುತ್ತದೆ. ಕಬ್ಬಿಣದ ನಾರಿನಿಂದ ತಿಕ್ಕಿದರೆ ಅದರ ಪುಡಿ ಉಕ್ಕಿನ ಮೇಲೆ ಅಂಟಿ, ಆ ಪುಡಿಯೇ ಜಂಗು ಹಿಡಿದು ಮಚ್ಚೆಯಾಗುತ್ತದೆ. ಮೇಲ್ಮೈಯ ಸಣ್ಣ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಸಾಕು.

ಒಣಗಿಸುವುದು

ಒರೆಸುವುದು, ಊದುವುದು, ಬಿಸಿಲು. ಈ ಕ್ರಮದಲ್ಲಿ. ಹಳೆಯ ಧೋತರದ ಅರಿವಿ ಇದಕ್ಕೆ ಹೇಳಿ ಮಾಡಿಸಿದ್ದು, ನೂಲು ಬಿಡುವುದಿಲ್ಲ. ಒರೆಸಿದ ಮೇಲೆ ಸೈಕಲ್ ಪಂಪಿನಿಂದ ಸಂದಿಗಳಿಗೆ ಗಾಳಿ ಹೊಡೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಇದ್ದರೆ ಇನ್ನೂ ಚಲೋ, ಕಣ್ಣಿಗೆ ಕನ್ನಡಕ ಇರಲಿ. ಆಮೇಲೆ ಎಲ್ಲ ಅಲಗು ತೆರೆದು ನವಿಲುಗರಿ ಬಿಚ್ಚಿದ ಹಾಗೆ ಬಿಸಿಲಿಗೆ ಇಡಿ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ, ಇಲ್ಲವೇ ಐಸೊಪ್ರೊಪೈಲ್ ಆಲ್ಕೊಹಾಲ್ ನಾಲ್ಕು ಹನಿ. ಅದು ನೀರಿನೊಡನೆ ಬೆರೆತು ಅದನ್ನೂ ಕರೆದುಕೊಂಡು ಆರಿಹೋಗುತ್ತದೆ. ಹತ್ತಿರ ಬೆಂಕಿ ಇರಬಾರದು. ಒಳಗೆ ನೀರಿರುವಾಗಲೇ ಮೇಲೆ ಎಣ್ಣೆ ಬಿಟ್ಟರೆ ನೀರಿಗೆ ಮುಚ್ಚಳ ಹಾಕಿದಂತೆ. ಆ ನೀರು ಒಳಗೇ ಉಳಿದು ಉಕ್ಕನ್ನು ತಿನ್ನುತ್ತದೆ.

ಒಂದು ಹನಿ

ಪಣತಿಯ ಬತ್ತಿ ಎಣ್ಣೆಯನ್ನು ತಾನೇ ಮೇಲಕ್ಕೆಳೆದುಕೊಳ್ಳುತ್ತದಲ್ಲ, ಕೀಲಿನ ಸಂದಿಯೂ ಹಾಗೇ. ಸಂದಿ ಸಣ್ಣದಾದಷ್ಟೂ ಎಳೆತ ಜೋರು. ಸಂದಿಯ ಬಾಯಿಗೆ ಒಂದು ಹನಿ ಮುಟ್ಟಿಸಿದರೆ ಸಾಕು, ಅದು ಕಣ್ಣೆದುರೇ ಒಳಕ್ಕೆ ಇಳಿದು ಮಾಯವಾಗುತ್ತದೆ. ಅಲ್ಲಿ ಎರಡು ಉಕ್ಕಿನ ಮೈಗಳ ನಡುವೆ ಪೊರೆಯಾಗಿ ನಿಂತು ಒಂದನ್ನೊಂದು ಕಚ್ಚಿಕೊಳ್ಳದಂತೆ ತಡೆಯುತ್ತದೆ, ನೀರಿಗೂ ಜಾಗ ಕೊಡುವುದಿಲ್ಲ. ಸಂದಿಯ ಹೊರಗೆ ಉಳಿದ ಎಣ್ಣೆಯಿಂದ ಏನೂ ಉಪಯೋಗವಿಲ್ಲ, ಧೂಳಿಗೆ ಹಾಸಿಗೆಯಾಗುತ್ತದೆ ಅಷ್ಟೆ.

ನಾನು ಔಷಧಿ ಅಂಗಡಿಯಿಂದ ತಂದ ಹೊಸ ಸಿರಿಂಜಿಗೆ ಎಣ್ಣೆ ತುಂಬಿಟ್ಟುಕೊಂಡಿದ್ದೇನೆ. ಮಕ್ಕಳ ಕೈಗೆ ಸಿಗದಂತೆ ಮೇಲೆ ಇಟ್ಟಿರುತ್ತೇನೆ. ಸಿರಿಂಜ್ ಇಲ್ಲದವರು ಹಲ್ಲುಕಡ್ಡಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಮುಟ್ಟಿಸಿದರೂ ಆಯಿತು. ಪಕ್ಕಡಿನ ನಡುಗೀಲಿಗೆ ಎರಡೂ ಮಗ್ಗುಲಿಂದ ಒಂದೊಂದು ಹನಿ. ಪ್ರತಿ ಅಲಗಿನ ಬುಡಕ್ಕೆ ತಗಡು ತಾಗುವ ಕಡೆ. ಸ್ಪ್ರಿಂಗಿನ ತುದಿ ಅಲಗಿನ ಬುಡವನ್ನು ಉಜ್ಜುವ ಜಾಗಕ್ಕೆ ಒಂದು. ಇದನ್ನು ಬಹಳ ಜನ ಮರೆಯುತ್ತಾರೆ, ಹೆಚ್ಚು ಸವೆಯುವುದು ಅಲ್ಲೇ. ಕತ್ತರಿಯ ಸಣ್ಣ ಕೀಲಿಗೆ ಅರ್ಧ ಹನಿ. ಚಾಕುವನ್ನು ತೆರೆದಾಗ ಅಡ್ಡ ಬಂದು ಹಿಡಿದು ನಿಲ್ಲಿಸುವ ಲಾಕ್ ಪಟ್ಟಿಯ ಮುಖಕ್ಕೆ ನಾನು ಎಣ್ಣೆ ಹಾಕುವುದಿಲ್ಲ. ಅದು ಹಿಡಿಯಬೇಕಾದ ಜಾಗ, ಜಾರಬೇಕಾದ್ದಲ್ಲ.

ಎಣ್ಣೆ ಬಿಟ್ಟ ಮೇಲೆ ಪ್ರತಿಯೊಂದನ್ನೂ ಹತ್ತಿಪ್ಪತ್ತು ಸಲ ಆಡಿಸಿ. ಎಷ್ಟೇ ತೊಳೆದಿದ್ದರೂ ಕೀಲಿನ ಬಾಯಿಂದ ತೆಳುವಾದ ಕರಿ ಎಣ್ಣೆ ಹೊರಬರುತ್ತದೆ. ಅರಿವಿಯಿಂದ ಒರೆಸಿ, ಇನ್ನೊಂದು ಹನಿ ಮುಟ್ಟಿಸಿ, ಮತ್ತೆ ಆಡಿಸಿ. ಅರಿವಿಗೆ ಕಪ್ಪು ಹತ್ತದೆ ಬರೀ ಎಣ್ಣೆಯ ತೇವ ಹತ್ತಿದಾಗ ಕೆಲಸ ಮುಗಿಯಿತು. ರಾತ್ರಿ ಹಳೆಯ ಪೇಪರಿನಲ್ಲಿ ಸುತ್ತಿಡಿ, ಹೆಚ್ಚಾದದ್ದು ಜಿನುಗಿ ಪೇಪರಿಗೆ ಹತ್ತುತ್ತದೆ. ಮುಂಜಾನೆ ಒಮ್ಮೆ ಒರೆಸಿ ಕಿಸೆಗೆ ಹಾಕಿ. ಚಾಕುವಿನ ಅಲಗನ್ನು ಎಣ್ಣೆ ತಾಗಿದ ಅರಿವಿಯಿಂದ ಒಂದು ಸಲ ಸವರಿದರೆ ಸಾಕು. ಹಣ್ಣು ಕೊಯ್ಯುವ ಮುಂಚೆ ಅದನ್ನೂ ಒರೆಸಿಬಿಡಿ. ಬೆಳೆಗೆ ಔಷಧಿ ಹೊಡೆಯುವ ಪಂಪಿನ ನಾಝಲ್ ಬಿಚ್ಚಲು ಬಳಸಿದ ಮಲ್ಟಿಟೂಲಾದರೆ ಸೋಪಿನಲ್ಲಿ ತೊಳೆಯದೆ ತಿನ್ನುವ ವಸ್ತುವಿಗೆ ತಾಗಿಸಲೇಬೇಡಿ.

ಬಿಚ್ಚಿ ತೊಳೆದರೆ ಇನ್ನೂ ಚೆನ್ನಲ್ಲವೇ ಎಂದು ಕೇಳುತ್ತಾರೆ. ರಿವೀಟ್ ಹಾಕಿದ್ದನ್ನು ಬಿಚ್ಚಲು ಬರುವುದೇ ಇಲ್ಲ. ನಕ್ಷತ್ರದ ಬಾಯಿಯ ತಿರುಪು ಇರುವುದನ್ನು ಬಿಚ್ಚಬಹುದು, ಆದರೆ ಎರಡೆರಡು ತೆಳು ವಾಷರ್, ಒತ್ತಿ ಕೂರಿಸಿದ ಸ್ಪ್ರಿಂಗ್ ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಅಭ್ಯಾಸದ ಕೆಲಸ. ವಾರಂಟಿಗೂ ತೊಡಕಾಗಬಹುದು. ನೀರಿನೊಳಗೆ ಆಡಿಸಿ ತೊಳೆದದ್ದಕ್ಕಿಂತ ಹೆಚ್ಚಿನದು ನನಗೆ ಎಂದೂ ಬೇಕಾಗಿಲ್ಲ.

ಯಾವಾಗ

ಪೂರ್ತಿ ಜಳಕ ವರ್ಷಕ್ಕೆರಡು ಸಲ. ನಾನು ಹಬ್ಬಕ್ಕೆ ಕಟ್ಟಿಕೊಂಡಿದ್ದೇನೆ: ಯುಗಾದಿಗೆ ಒಮ್ಮೆ, ದಸರೆಗೆ ಒಮ್ಮೆ. ಯುಗಾದಿಯ ಹೊತ್ತಿಗೆ ಹಿಂಗಾರಿ ಸುಗ್ಗಿ ಮುಗಿದು ಕಡ್ಲಿ ಹುಳಿ, ಜೋಳದ ಹೊಟ್ಟು, ಧೂಳು ತುಂಬಿರುತ್ತದೆ. ದಸರೆಯ ಹೊತ್ತಿಗೆ ಮಳೆಗಾಲದ ಕೆಸರು. ನಡುವೆ ಹೊಲದ ಕೆಲಸ ಜೋರಿದ್ದಾಗ ಎರಡು–ಮೂರು ವಾರಕ್ಕೊಮ್ಮೆ ಬ್ರಷ್ಷಿನಿಂದ ಗುಡಿಸಿ ಒಂದು ಹನಿ. ಹುಳಿ, ಉಪ್ಪು, ಕೆಸರು ತಾಗಿದ ದಿನ ಅವತ್ತೇ ಒರೆಸುವುದು. ಆಫೀಸಿನ ಮೇಜಿನ ಡ್ರಾಯರಿನಲ್ಲಿ ಇರುವುದಕ್ಕೆ ಇಷ್ಟೆಲ್ಲ ಬೇಡ.

ಮಹಾನವಮಿಯ ದಿನ ನಮ್ಮ ಮನೆಯಲ್ಲಿ ಖಂಡೆ ಪೂಜೆಗೆ ಕುಡಗೋಲು, ಕೊಡಲಿ, ಪಾನಾ ಜೊತೆಗೆ ಮಲ್ಟಿಟೂಲನ್ನೂ ಇಡುತ್ತೇವೆ. ಅರಿಷಿಣ–ಕುಂಕುಮವನ್ನು ಹಿಡಿಕೆಯ ಅಗಲ ಮೈಗೆ ಹಚ್ಚಿ, ಕೀಲಿಗೆ ಬೇಡ. ಹಸಿ ಕುಂಕುಮ ಸಂದಿಗೆ ಇಳಿದು ಒಣಗಿದರೆ ಎರಿ ಮಣ್ಣಿನಷ್ಟೇ ಗಟ್ಟಿ. ನಿಂಬೆಹಣ್ಣು ಕೊಯ್ದು ನಿವಾಳಿಸಿದ್ದರೆ, ಅವತ್ತೇ ತೇವದ ಅರಿವಿಯಿಂದ ಒರೆಸಿ ಒಣಗಿಸಿಬಿಡಿ.

ಪೂರ್ತಿ ಹಿಡಿದುಹೋದದ್ದನ್ನು ಬಿಡಿಸುವ ಬಗೆಗೆ ನನ್ನದೇ ಉದಾಹರಣೆ ಸಾಕು. ಅಂಟಾದ ಕುಸುಬಿ ಎಣ್ಣೆ ಸೋಪಿನ ನೀರಿಗೆ ಜಗ್ಗಲಿಲ್ಲ. ಕಾಕಾ ಹಳೆಯ ಗಾಜಿನ ಬಾಟಲಿಯಲ್ಲಿ ಚಿಮಣಿ ಎಣ್ಣಿ (ಸೀಮೆಎಣ್ಣೆ) ತುಂಬಿ ಅದನ್ನು ಮುಳುಗಿಸಿಟ್ಟ. ಅಂಟು ಅದರಲ್ಲಿ ಪೂರ್ತಿ ಕರಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ದಿನಕ್ಕೆರಡು ಸಲ ಹೊರತೆಗೆದು, ಮೆತ್ತಗಾದಷ್ಟನ್ನು ಹಲ್ಲುಕಡ್ಡಿಯಿಂದ ಎಬ್ಬಿಸಿ, ಚಾಕುವನ್ನು ಬಂದಷ್ಟೇ ದೂರ ಆಡಿಸಿ ಮತ್ತೆ ಮುಳುಗಿಸುತ್ತಿದ್ದ. ನಾನು ಸುತ್ತಿಗೆ ಕೈಗೆತ್ತಿಕೊಂಡಾಗ ಕಸಿದುಕೊಂಡ: "ರಿವೀಟ್ ಸೊಟ್ಟಾದ್ರ ಯಾರೂ ಮಾಡಿಕೊಡಂಗಿಲ್ಲ." ಮೂರನೆಯ ದಿನ ಸಂಜೆ ಚಾಕು ತಾನೇ ಹಾರಿ ಟಕ್ ಅಂದಿತು. ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಕಾಕಾನ ಕುಪ್ಪಿಯಿಂದ ಒಂದು ಹನಿ ಬಿಟ್ಟೆವು.

ಅಲಗಿನ ಬುಡದಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಕುಳಿ ಉಳಿದಿದೆ. ಅಂಟಿನ ಅಡಿಯಲ್ಲಿ ಕಡ್ಲಿ ಹುಳಿ ಕೂತಿದ್ದ ಜಾಗ ಅದು. ಉಜ್ಜಿ ತೆಗೆಯಬೇಕೆಂದರೆ ಸುತ್ತಲಿನ ಉಕ್ಕನ್ನೂ ಸವೆಸಬೇಕು, ಅದಕ್ಕೆ ಹಾಗೇ ಬಿಟ್ಟಿದ್ದೇನೆ. ಸಿರಿಂಜ್ ಕೈಗೆತ್ತಿಕೊಂಡಾಗಲೆಲ್ಲ ಆ ಕುಳಿಗೂ ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸುತ್ತೇನೆ.